ಕೆಂಪು ಬೊಟ್ಟಿನ ನಾಲ್ವರು

ಜುಗ್ದಿದಿಯ ಪೇಟೆಯಲ್ಲಿ ಅಂಗಡಿಯವನು ಮೊದಲು ಕೈಗಿಟ್ಟದ್ದು
ಮೈತುಂಬ ಅಂಕಿ ಬರೆಸಿಕೊಂಡ ಹಳದಿ ಸೆಲ್ಲು.
ನಾಲ್ಕು ಸಾವಿರದ ಎಂಟುನೂರಂತೆ!
ಎತ್ತಿ ನೋಡಿದೆ, ಜೊಳ್ಳು ಕಡಲೆಕಾಯಿಯಷ್ಟು ಹಗುರ.
ಇಪ್ಪತ್ತೆರಡು ವರ್ಷ ಕೂಸುಗಳನ್ನು ಎತ್ತಿ ತೂಗಿದ ಕೈ ಇದು,
ತಕ್ಕಡಿಗಿಂತ ಮುಂಚೆ ಇದಕ್ಕೆ ಸುಳ್ಳು ಗೊತ್ತಾಗುತ್ತದೆ.
ಕೆಳಗಿನ ಗೂಡಿನಿಂದ ಬಿಳಿಯದನ್ನು ತೆಗೆಸಿದೆ.
ಎರಡೇ ಸಾವಿರ ಎಂದು ಸಂಕೋಚವಿಲ್ಲದೆ ಹೇಳಿಕೊಂಡದ್ದು,
ತಿಂಗಳುಗಟ್ಟಲೆ ಡ್ರಾಯರಿನಲ್ಲಿ ಬಿದ್ದಿದ್ದರೂ
ಕರೆದಾಗ ಓ ಎನ್ನುವಂಥದ್ದು.
ನಾಲ್ಕನ್ನೂ ಒಂದೇ ಪೊಟ್ಟಣದಿಂದ ಕೊಂಡೆ.
ಚೌಕಾಸಿಗೆ ಎರಡು ಲರಿ ಬಿಟ್ಟ, ಮುಖ ಹುಳ್ಳಗೆ ಮಾಡಿ.

ಮನೆಗೆ ಬಂದು ಉಗುರುಬಣ್ಣ ಹುಡುಕಿ
ನಾಲ್ಕಕ್ಕೂ ಬೊಟ್ಟಿಟ್ಟೆ.
ಟಾರ್ಚಿನ ಜೋಡಿಗೆ ನೀಲಿ, ಕೆಂಪು ಬಿ.ಪಿ. ಯಂತ್ರಕ್ಕೆ ಮಾತ್ರ.
ಒಟ್ಟಿಗೆ ಹಸಿಯಬೇಕು, ಒಟ್ಟಿಗೆ ಉಣ್ಣಬೇಕು, ಒಂದೇ ಪಂಕ್ತಿ.
ತುಂಬಿದವುಗಳ ನಡುವೆ ಬರಿದಾದ ಒಂದನ್ನು ಕೂರಿಸಿದರೆ
ಉಳಿದವು ಅದನ್ನು ಎಳೆದೆಳೆದು
ತಲೆಕೆಳಗು ಮಾಡಿಬಿಡುತ್ತವೆ.
ಐವರು ಓರಗಿತ್ತಿಯರ ಜೊತೆ ಬಾಳಿದವಳಿಗೆ
ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಎಂಗುರಿ ನದಿ ಕೆಳಗೆ ಹಗಲೂ ರಾತ್ರಿ ಅರಚುತ್ತದೆ,
ತಂತಿಯ ಮೇಲೆ ಹಿಮ ಕೂತರೆ ಕರೆಂಟಿಗೆ ಮಾತ್ರ ಮಾತೇ ಇಲ್ಲ.
ಬಂದಾಗ ತುಂಬಿಸಿಕೊಳ್ಳಬೇಕು.
ಮೈದುನ ಗೋಚಾನ ಚಾರ್ಜರು ಮುಕ್ಕಾಲು ಗಂಟೆಯಲ್ಲಿ ಮುಗಿಸುತ್ತದೆ,
ಸೆಲ್ಲಿಗೆ ಜ್ವರ ಬರಿಸಿ. ಮುಟ್ಟಿದರೆ ಮೂವತ್ತೊಂಬತ್ತು.
ನನ್ನದು ನಿಧಾನ. ಒಂದೊಂದಕ್ಕೂ ಬೇರೆ ದೀಪ,
ಒಂದೊಂದರ ನಾಡಿ ಬೇರೆ ಹಿಡಿಯುತ್ತದೆ,
ಬೆಳಗಿನ ಹೊತ್ತಿಗೆ ಒಂದರ ಹಿಂದೊಂದು ಹಸಿರು.

ಫೆಬ್ರವರಿಯ ಒಂದು ಮಧ್ಯಾಹ್ನ
ಮೂರನೆಯ ಕಲ್ಲುಗೋಪುರದಾಚೆ, ಮೊಣಕಾಲುದ್ದದ ಹಿಮದಲ್ಲಿ,
ಮ್ಜೆಕಾಲಾ ಅಜ್ಜಿಯ ಮನೆ.
ತಲೆ ಸಿಡಿಯುತ್ತಿದೆ ಎಂದಳು. ಕಣ್ಣ ಮುಂದೆ ನೊಣ ಎಂದಳು,
ಚಳಿಗಾಲದಲ್ಲಿ ನೊಣ!
ಪಟ್ಟಿ ಸುತ್ತಿದೆ. ಯಂತ್ರ ಒಮ್ಮೆ ಉಸಿರೆಳೆದು
ಕಣ್ಣು ಮುಚ್ಚಿತು.
ಮುಚ್ಚಳ ತೆಗೆದು ನೋಡಿದರೆ ಮೂರು ಕೆಂಪು ಬೊಟ್ಟು,
ನಾಲ್ಕನೆಯ ಹಣೆ ಬರಿದು.
ಬಾಚುಕಿ! ನನ್ನ ಹೊಟ್ಟೆಯಲ್ಲಿ ಹುಟ್ಟಿದ ಒಂಬತ್ತು ವರ್ಷದ ಕಳ್ಳ,
ಆಟಿಕೆ ಕಾರಿನ ಸತ್ತ ಸೆಲ್ಲನ್ನು ಇಲ್ಲಿ ಹೂತು
ನನ್ನದನ್ನು ಓಡಿಸಿಕೊಂಡು ಹೋಗಿದ್ದ.

ಊರಿಗೆಲ್ಲ ಹೇಳಿಕೊಟ್ಟವಳು ನಾನೇ, ಬೆರೆಸಬೇಡಿ ಎಂದು.
ಸ್ಟೂಲು ಹತ್ತಿ ಗೋಡೆಯ ಗಡಿಯಾರ ಇಳಿಸಿದೆ,
ಅದರ ಬೆನ್ನಿನಿಂದ ಸೆಲ್ಲು ಕಿತ್ತೆ,
ಮೂವರ ಪಂಕ್ತಿಯಲ್ಲಿ ಪರಕೀಯನನ್ನು ಕೂರಿಸಿದೆ.
ಉಂಡವು, ತಕರಾರಿಲ್ಲದೆ.
ನೂರ ತೊಂಬತ್ತೆರಡು, ನೂರ ಎಂಟು.

ಮೆಸ್ತಿಯಾದ ಡಾಕ್ಟರಿಗೆ ಫೋನು, ಮಾತ್ರೆ, ದಿಂಬು,
ಕತ್ತಲಾಗುವವರೆಗೆ ಕಾದು ಮತ್ತೆ ಅಳತೆ.
ಇಳಿದಿತ್ತು. ಸೊಸೆಯನ್ನು ಪಕ್ಕದಲ್ಲಿ ಕೂರಿಸಿ ಎದ್ದೆ.
ಇನ್ನೂ ಎರಡು ಮನೆ ಬಾಕಿ,
ಸೆಲ್ಲನ್ನು ಸಾಲ ಕೇಳಿ ಹೊರಟೆ.

ಮಾರನೆಯ ದಿನ ಹೊಸದೊಂದನ್ನು ಒಯ್ದೆ, ಮಾಮೂಲಿನದು,
ತುಂಬಿಸಿ ಬಳಸುವಂಥದ್ದಲ್ಲ.
ಗಡಿಯಾರಕ್ಕೆ ವರ್ಷವಿಡೀ ಒಂದೇ ತುತ್ತು ಸಾಕು,
ಅದಕ್ಕಾಗಿ ದುಬಾರಿಯದನ್ನು ಗೋಡೆಗೆ ನೇತುಹಾಕುವುದು
ಉತ್ತಿ ಮುಗಿಸಬಲ್ಲ ಎತ್ತನ್ನು
ಗೂಟಕ್ಕೆ ಕಟ್ಟಿ ಮೇಯಿಸಿದ ಹಾಗೆ.
ಬಾಚುಕಿಯ ಕಾರಿಗೂ ಈಗ ಒಂದು ಜೋಡಿ ಇದೆ, ಹಸಿರು ಬೊಟ್ಟು.
ಅವನ ಕಿವಿ ಇನ್ನೂ ಕೆಂಪು.

ಸೆಲ್ಲು ಹಾಕಿ, ಮುಳ್ಳು ತಿರುಗಿಸಲು ಬೆರಳಿಟ್ಟೆ.
ಮ್ಜೆಕಾಲಾ ಕೈ ಹಿಡಿದಳು.
ಬಿಡು, ನೀನು ಅದನ್ನು ಇಳಿಸಿದಾಗ ನಾಲ್ಕೂ ಹತ್ತು,
ಈಗಲೂ ನಾಲ್ಕೂ ಹತ್ತೇ.
ನೀನು ಹೋಗಿಯೇ ಇಲ್ಲ, ಕೂತುಕೋ,
ಚಹಾ ಇನ್ನೂ ಆರಿಲ್ಲ.